ಅಜ್ಜನ ದೇಹದಾನ: ಆ ರಾತ್ರಿಯಿಂದ ಆಯಿಯ ಪಿಂಚಣಿಯವರೆಗೆ

ಹೋದ ವಾರ ಆಯಿಯ, ಅಂದರೆ ನಮ್ಮ ಅಜ್ಜಿಯ, ಖಾತೆಗೆ ಕುಟುಂಬ ಪಿಂಚಣಿ ಜಮಾ ಆಯಿತು. ಅಲ್ಲಿಗೆ ಅಜ್ಜ ಹೋದ ಮೇಲಿನ ಕಚೇರಿ ಕೆಲಸಗಳು ಹೆಚ್ಚುಕಡಿಮೆ ಮುಗಿದವು. ಅಜ್ಜ ಕಣ್ಣನ್ನೂ ದೇಹವನ್ನೂ ದಾನ ಮಾಡಿದ್ದರು. ನಮ್ಮ ಬಳಗದಲ್ಲಿ ಇದು ಮೊದಲನೆಯದು. ಹಾಗಾಗಿ ಈಗ ಕೇಳುವವರು ಜಾಸ್ತಿ. "ಖರ್ಚ ಎಷ್ಟ ಬಂತು? ಕಾಗದ ಏನೇನ ಬೇಕು? ಮಣ್ಣ ಮಾಡ್ಲಿಲ್ಲ ಅಂದ್ರ ಮುಂದಿನ ಕಾರ್ಯ ಹೆಂಗ ಮಾಡಿದ್ರಿ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಮ್ಮದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಅಜ್ಜ ಪ್ರಾಥಮಿಕ ಶಾಲೆಯ ಮಾಸ್ತರ ಆಗಿದ್ದರು. ಅವರ ಕಾಲದಲ್ಲಿ ಮನೆಯಲ್ಲಿ ಊಟಕ್ಕೇ ತತ್ವಾರ. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಆ ಋಣದ ಮಾತು ಅವರ ಬಾಯಲ್ಲಿ ಯಾವಾಗಲೂ ಬರುತ್ತಿತ್ತು. ನೌಕರಿ ಸಿಕ್ಕ ಮೇಲೆ ಮನೆಯ ಪಡಸಾಲೆಯಲ್ಲಿ ಸಂಜೆ ಪಾಠ ಶುರು ಮಾಡಿದರು. ಫೀಸು ಇಲ್ಲ, ಜಾತಿ ಕೇಳುವುದಿಲ್ಲ. ಲೆಕ್ಕ ತಪ್ಪಿದರೆ ಮಾತ್ರ ಕಿವಿ ಹಿಂಡುತ್ತಿದ್ದರು. ನಿವೃತ್ತರಾದ ಮೇಲೂ ಅದು ನಿಲ್ಲಲಿಲ್ಲ. ಪಾಠದ ಜೊತೆಗೆ ಊರಿನವರ ವಿಧವಾ ವೇತನದ ಅರ್ಜಿ, ರೇಶನ್ ಕಾರ್ಡಿನ ಅರ್ಜಿ, ಬಸ್ ಪಾಸು ತುಂಬಿಕೊಡುವ ಕೆಲಸವೂ ಸೇರಿತು.

ಪೂಜೆ ಒಂದು ದಿನವೂ ತಪ್ಪುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ, ಹಣೆ ತುಂಬ ವಿಭೂತಿ. ಆಮೇಲೆ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡು ಕೂತರೆ ಆ ಹೊತ್ತಿನಲ್ಲಿ ಯಾರೂ ಕರೆಯುವಂತಿರಲಿಲ್ಲ. ಕರಡಿಗೆಯ ಬೆಳ್ಳಿ ಒಂದು ಕಡೆ ನುಣ್ಣಗೆ ಸವೆದಿತ್ತು. ಮಾತಾಡುವಾಗ ಹೆಬ್ಬೆರಳಿನಿಂದ ಅದನ್ನು ಸವರುವ ರೂಢಿ ಅವರಿಗೆ. ಪೂಜೆ ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಒಂದು ಹಿಡಿ ಜೋಳ ಎತ್ತಿ ಗಡಿಗೆಗೆ ಹಾಕುತ್ತಿದ್ದರು. ಗಡಿಗೆ ತುಂಬಿದ ಮೇಲೆ ಅದು ಮಠದ ದಾಸೋಹಕ್ಕೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ಮನೆಗಳು ಮುಳುಗಿದಾಗ ಗಡಿಗೆಯೊಂದೇ ಅಲ್ಲ, ಮನೆಯ ಹಗೇವಿನಲ್ಲಿದ್ದ (ನೆಲದೊಳಗಿನ ಕಾಳಿನ ಗುಂಡಿ) ಜೋಳವೂ ಚೀಲ ಸೇರಿ ಟ್ರ್ಯಾಕ್ಟರ್ ಹತ್ತಿತು. ಕೇಳಲೂ ಇಲ್ಲ ಅಂತ ಆಯಿ ಇನ್ನೂ ಹೇಳಿಕೊಂಡು ನಗುತ್ತಾಳೆ.

ದೇಹದಾನದ ವಿಚಾರ ಅವರ ತಲೆಗೆ ಬಂದದ್ದು ಬೈಲಹೊಂಗಲದ ಡಾ. ಮಹಾಂತೇಶ ರಾಮಣ್ಣವರ ಅವರಿಂದ. ಅವರ ತಂದೆಯೂ ವೈದ್ಯರು, ದೇಹದಾನ ಮಾಡಿದ್ದರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಮಗ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನು ತಾವೇ ಛೇದನ ಮಾಡಿ ಪಾಠ ಹೇಳಿದರು. ಆಗ ನಮ್ಮ ಕಡೆ ಮನೆಮನೆಯಲ್ಲೂ ಅದೇ ಮಾತು. ಕೆಲವರು ಕೈಮುಗಿದರು, ಕೆಲವರು ಹೆದರಿದರು. ಅಜ್ಜ ಸುಮ್ನೆ ಪೇಪರಿನ ಆ ತುಂಡು ಕತ್ತರಿಸಿ ಇಟ್ಟುಕೊಂಡರು. ಮುಂದೆ ಒಂದು ದಿನ ಬೆಳಗಾವಿಗೆ ಹೋಗಿ ವೈದ್ಯಕೀಯ ಕಾಲೇಜಿನ ಫಾರ್ಮು ತಂದು, ಫೋಟೋ ಅಂಟಿಸಿ, ಇಬ್ಬರ ಸಾಕ್ಷಿ ಹಾಕಿಸಿ ಕೊಟ್ಟು ಬಂದರು. ಕಾಲೇಜಿನವರು ಕೊಟ್ಟ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿ ದೇವರ ಜಗುಲಿಯಲ್ಲಿ ವಿಭೂತಿಗಟ್ಟಿಯ ಪಕ್ಕದಲ್ಲಿ ಇಟ್ಟರು. ದಿನಾ ಕಣ್ಣಿಗೆ ಬೀಳುವ ಜಾಗ ಅದು. ಹಬ್ಬಕ್ಕೆ ಎಲ್ಲರೂ ಕೂಡಿದಾಗ ತಪ್ಪದೆ ನೆನಪು ಮಾಡುತ್ತಿದ್ದರು, ನಾವು ಮಾತು ಬದಲಿಸುತ್ತಿದ್ದೆವು.

ಅಜ್ಜ ಹೋದದ್ದು ದೀಪಾವಳಿ ಕಳೆದ ಮೇಲೆ, ಒಂದು ರಾತ್ರಿ ಎರಡೂವರೆಯ ಸುಮಾರಿಗೆ. ಎಂಬತ್ತಾರು ವಯಸ್ಸು. ಹಾಸಿಗೆ ಹಿಡಿದಿರಲಿಲ್ಲ. ನೀರು ಕೇಳಿದರಂತೆ. ಆಯಿ ತಂಬಿಗೆ ತರುವಷ್ಟರಲ್ಲಿ ಮುಗಿದಿತ್ತು. ನಾನು ದೀಪಾವಳಿಗೆ ಬಂದವನು ರಜೆ ಮುಗಿಯದೆ ಊರಲ್ಲೇ ಇದ್ದೆ.

ಆಗ ಮೊದಲು ಬೇಕಾದವರು ಡಾಕ್ಟರು. ಇದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ತೀರಿಕೊಂಡವರಿಗೆ ನೋಂದಾಯಿತ ವೈದ್ಯರೊಬ್ಬರು ನೋಡಿ, ಸಾವಿನ ಕಾರಣ ಬರೆದು ಪ್ರಮಾಣಪತ್ರ ಕೊಡಬೇಕು. ಆಸ್ಪತ್ರೆಯ ಸಾವಿಗೆ ನಮೂನೆ 4, ಮನೆಯ ಸಾವಿಗೆ ನಮೂನೆ 4ಎ. ಅದಿಲ್ಲದಿದ್ದರೆ ದೇಹವನ್ನು ಕಾಲೇಜಿನವರು ಮುಟ್ಟುವುದಿಲ್ಲ. ಅನುಮಾನಾಸ್ಪದ ಸಾವಾಗಿ ಮರಣೋತ್ತರ ಪರೀಕ್ಷೆ ಆಗಿದ್ದರೂ ತೆಗೆದುಕೊಳ್ಳುವುದಿಲ್ಲ. ಅಜ್ಜನಿಗೆ ಬಿಪಿ ಮಾತ್ರೆ ಬರೆದುಕೊಡುತ್ತಿದ್ದ ಡಾಕ್ಟರು ಆ ಹೊತ್ತಿನಲ್ಲೂ ಫೋನ್ ಎತ್ತಿ ಬೈಕ್ ಹತ್ತಿ ಬಂದರು. ನಿಮ್ಮ ಮನೆಯ ಹಿರಿಯರನ್ನು ಬಲ್ಲ ಒಬ್ಬ ಡಾಕ್ಟರ ನಂಬರು ನಿಮ್ಮ ಹತ್ತಿರ ಇರಲಿ. ರೋಗಿಯನ್ನು ಎಂದೂ ನೋಡದ ವೈದ್ಯರು ಬರೆದುಕೊಡಲು ಹಿಂಜರಿಯುತ್ತಾರೆ, ಅದು ಸಹಜವೂ ಹೌದು.

ಆಮೇಲೆ ಕಣ್ಣು. ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು. ನೇತ್ರ ಭಂಡಾರದವರು ಫೋನಿನಲ್ಲೇ ಹೇಳಿದ್ದು ಇಷ್ಟು: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಅರಳೆ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ಬಂದ್ ಮಾಡಿ. ಗಾಳಿಗೆ ಕಣ್ಣು ಒಣಗಬಾರದು ಅಂತ. ಹೇಳಿದ್ದರಲ್ಲಿ ಅತಿ ಕಷ್ಟದ್ದು ಈ ಫ್ಯಾನಿನದೇ! ಸುದ್ದಿ ತಿಳಿದು ಬಂದವರೆಲ್ಲ "ಎಷ್ಟ ಸೆಕಿ ಆಗೇತಿ" ಅಂತ ಸ್ವಿಚ್ ಹಾಕುವುದು, ನಾನು ಹೋಗಿ ತೆಗೆಯುವುದು. ಕೊನೆಗೆ ತಮ್ಮನನ್ನು ಸ್ವಿಚ್ಚಿನ ಕೆಳಗೇ ಕೂರಿಸಿದೆ.

ಎಂಬತ್ತಾರರ ಕಣ್ಣು ಏನು ಪ್ರಯೋಜನ ಅಂತ ಬಹಳ ಜನ ಕೇಳಿದರು. ಅಜ್ಜ ಚಷ್ಮಾ ಹಾಕುತ್ತಿದ್ದರು, ಮೋತಿಬಿಂದು (ಕಣ್ಣಿನ ಪೊರೆ) ಆಪರೇಶನ್ ಕೂಡ ಆಗಿತ್ತು. ಅದು ಯಾವುದೂ ಅಡ್ಡಿ ಅಲ್ಲ. ಕಸಿ ಮಾಡುವುದು ಮುಂದಿನ ಪಾರದರ್ಶಕ ಪದರವನ್ನು, ಅಂದರೆ ಕಾರ್ನಿಯಾವನ್ನು. ಸಕ್ಕರೆ ಕಾಯಿಲೆ, ಬಿಪಿ ಇದ್ದವರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬೀಸ್‌ನಂಥ ಸೋಂಕಿದ್ದರೆ ಆಗುವುದಿಲ್ಲ, ಅದಕ್ಕೆ ರಕ್ತದ ಮಾದರಿಯನ್ನೂ ತೆಗೆದುಕೊಂಡು ಹೋಗುತ್ತಾರೆ. ಬೆಳಕು ಹರಿಯುವ ಮೊದಲೇ ತಂಡ ಬಂತು. ಒಳಕೋಣೆಯಲ್ಲಿ ಅರ್ಧ ಗಂಟೆಯ ಕೆಲಸ. ಮುಖ ಮೊದಲಿನ ಹಾಗೇ ಇತ್ತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ನಮಗೆ ಯಾರೂ ಮೊದಲೇ ಹೇಳದೆ ಇದ್ದ ವಿಷಯ ಒಂದಿತ್ತು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂಡಿಸುತ್ತಾರೆ. ಮಣ್ಣು ಮಾಡುವುದೂ ಕೂತ ಭಂಗಿಯಲ್ಲೇ. ಓಣಿಯ ಹಿರಿಯರು ಬಂದವರೇ ಮಣೆ, ಹಗ್ಗ ಎಲ್ಲ ತಯಾರಿ ಮಾಡಿಕೊಂಡರು. ನಾನು ಅಷ್ಟರಲ್ಲಿ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಫೋನ್ ಹಚ್ಚಿದ್ದೆ. ಕಾರ್ಡಿನ ಮೇಲಿದ್ದ ಸ್ಥಿರ ದೂರವಾಣಿ ಸತ್ತು ಎಷ್ಟು ಕಾಲವಾಗಿತ್ತೋ. ಆಸ್ಪತ್ರೆಯ ತುರ್ತು ವಿಭಾಗದ ಮೂಲಕ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಗಿ ಕೊನೆಗೆ ಒಬ್ಬರು ಸಿಕ್ಕರು. ತೂಕ ಎಷ್ಟು, ಬೆನ್ನಿಗೆ ಹುಣ್ಣಾಗಿದೆಯಾ, ಯಾವುದಾದರೂ ಸೋಂಕು ಇತ್ತಾ, ಕೈಕಾಲು ತೆಗೆದಿದ್ದಾರಾ ಅಂತೆಲ್ಲ ಕೇಳಿದರು. ಕಡೆಗೆ ಅವರೇ, "ಲಿಂಗಾಯತರೇನ್ರಿ? ಹಂಗಾದ್ರ ಕೂಡಿಸಬ್ಯಾಡ್ರಿ. ನೆಟ್ಟಗ ಮಲಗಿಸಿರ್ರಿ" ಅಂದರು. ಸತ್ತ ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಮಡಚಿದ ಮೊಣಕಾಲು ಹಾಗೇ ಬಿಗಿದರೆ ರಸಾಯನ ಏರಿಸುವುದೂ, ಮೇಜಿನ ಮೇಲೆ ಇಟ್ಟು ಪಾಠ ಮಾಡುವುದೂ ಕಷ್ಟ.

ಫೋನ್ ಇಟ್ಟು ಹೊರಗೆ ಬಂದು ಇದನ್ನು ಹೇಳಿದ್ದೇ ತಡ, ಪಡಸಾಲೆಯಲ್ಲಿ ಗದ್ದಲ ಶುರುವಾಯಿತು. ಅತ್ತಿ ಧಾರವಾಡದಿಂದ ಆಗಷ್ಟೇ ಬಂದಿದ್ದಳು. "ಮಠದ ಸೇವಾ ಮಾಡಿದ ಜೀವ ಅದು. ಕೂಡಿಸೂದಿಲ್ಲ, ಮಣ್ಣ ಕೊಡೂದಿಲ್ಲ, ಹುಡುಗರ ಕೈಯಾಗ ಕೊಯ್ಸಾಕ ಕೊಡ್ತೀರೇನು?" ಅಂತ ಅತ್ತಳು. ಕಾಕಾ ಅವಳ ಕಡೆ ವಾಲಿದರು. ಅಪ್ಪ ಏನೂ ಮಾತಾಡಲಿಲ್ಲ. ಇಲ್ಲಿ ಒಂದು ಮಾತು ತಿಳಿದಿರಲಿ: ಬದುಕಿದ್ದಾಗ ಎಷ್ಟೇ ಸಹಿ ಹಾಕಿರಲಿ, ಕೊನೆಯಲ್ಲಿ ಹತ್ತಿರದ ವಾರಸುದಾರರು ಒಪ್ಪಿ ಸಹಿ ಮಾಡಿದರೆ ಮಾತ್ರ ಕಾಲೇಜಿನವರು ದೇಹ ಸ್ವೀಕರಿಸುತ್ತಾರೆ. ಮನೆಯಲ್ಲಿ ಜಗಳವಿದ್ದರೆ ಅವರು ಹಿಂದೆ ಸರಿಯುತ್ತಾರೆ. ಅಜ್ಜನ ಫಾರ್ಮಿನ ಸಾಕ್ಷಿಗಳಲ್ಲಿ ಒಬ್ಬರು ಆಗಲೇ ತೀರಿಕೊಂಡಿದ್ದರು. ಅದನ್ನು ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ಆಯಿ ಮತ್ತು ಮಕ್ಕಳ ಒಪ್ಪಿಗೆ.

ಆಯಿ ಅಲ್ಲಿಯವರೆಗೆ ಕಂಬಕ್ಕೆ ಒರಗಿ ಕೂತಿದ್ದಳು. "ನಾ ಅವರ ಸಂಗಾಟ ಅರವತ್ತ ವರ್ಸ ಬಾಳೇ ಮಾಡೀನಿ. ಒಂದ ಮಾತ ಹೇಳಿ ಹೋಗ್ಯಾರ. ಅದನ್ನ ಮುರದು ನಾಳೆ ನಾ ಯಾವ ಬಾಯಿಲೆ ಲಿಂಗಪೂಜಾ ಮಾಡ್ಲಿ?" ಅಂದಳು. ಹಗ್ಗ, ಮಣೆ ಹೊರಗೆ ಹೋದವು.

ಇನ್ನು ಉಳಿದದ್ದು ಇಷ್ಟಲಿಂಗದ ಪ್ರಶ್ನೆ. ಮಣ್ಣು ಮಾಡುವಾಗ ಲಿಂಗ ದೇಹದ ಜೊತೆಗೇ ಹೋಗುತ್ತದೆ. ಕಾಲೇಜಿಗೆ ಕಳಿಸುವಾಗ ಏನು ಮಾಡುವುದು? ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಬಂದು ಇದನ್ನು ಐದು ನಿಮಿಷದಲ್ಲಿ ಬಗೆಹರಿಸಿದರು. ದೇಹದ ಮುಂದೆ ಕೊನೆಯ ಪೂಜೆ ಮಾಡಿ ಲಿಂಗ ಇಳಿಸಿಕೊಳ್ಳಿ, ಹೊಲದಲ್ಲಿ ಸಣ್ಣ ಗುಣಿ ತೆಗೆದು ಪತ್ರಿ, ವಿಭೂತಿ ಜೊತೆ ಸಮಾಧಿ ಮಾಡಿ ಅಂದರು. ಹಾಗೇ ಮಾಡಿದೆವು. ಬಾವಿಯ ಪಕ್ಕದ ಬೇವಿನ ಗಿಡದ ಬುಡದಲ್ಲಿ ಮೊಳದುದ್ದದ ಗುಣಿ. ಬಿಲ್ವಪತ್ರೆ ಹಾಸಿ, ಕರಡಿಗೆ ಇಟ್ಟು, ವಿಭೂತಿಗಟ್ಟಿ ಒಡೆದು ಹಾಕಿದರು. ಊರವರೆಲ್ಲ ಸಾಲಾಗಿ ಬಂದು ಹಿಡಿ ಹಿಡಿ ಮಣ್ಣು ಕೊಟ್ಟರು. ಅತ್ತಿಯ ಅಳು ಅಲ್ಲಿ ಸ್ವಲ್ಪ ಇಳಿಯಿತು. ನಿಮ್ಮ ಮಠದಲ್ಲಿ, ನಿಮ್ಮ ಮನೆತನದಲ್ಲಿ ರೂಢಿ ಬೇರೆ ಇರಬಹುದು. ಬದುಕಿದ್ದಾಗಲೇ ಕೇಳಿ ಇಟ್ಟುಕೊಳ್ಳಿ. ಸಾವಿನ ಮನೆಯಲ್ಲಿ ಈ ಚರ್ಚೆ ಬೇಡ.

ನಡುವೆ ಬೈಲಹೊಂಗಲದಿಂದ ಫ್ರೀಜರ್ ಪೆಟ್ಟಿಗೆ ತರಿಸಿದ್ದೆವು. ದೂರದ ಮೊಮ್ಮಕ್ಕಳು ಬರುವವರೆಗೆ ಅದು ಬೇಕಾಯಿತು. ಪೆಟ್ಟಿಗೆ ಇಲ್ಲದಿದ್ದರೆ ತಡ ಮಾಡಬೇಡಿ, ದೇಹ ಕೆಡಲು ಶುರುವಾದರೆ ತೆಗೆದುಕೊಳ್ಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಭಜನೆಯವರು ಊರ ಅಗಸಿಯವರೆಗೆ ಬಂದರು. ಮಾಸ್ತರ ಕೈಯಲ್ಲಿ ಕಲಿತವರೆಲ್ಲ ಅಂಬ್ಯುಲೆನ್ಸ್ ಹಿಂದೆ ನಡೆದರು, ಅವರಲ್ಲಿ ಬೋಳುತಲೆ ಅಜ್ಜಂದಿರೂ ಇದ್ದರು.

ಕಾಲೇಜಿನಲ್ಲಿ ಕೇಳಿದ ಕಾಗದಗಳು: ಡಾಕ್ಟರು ಕೊಟ್ಟ ನಮೂನೆ 4ಎ, ಅಜ್ಜನ ಆಧಾರ್, ಆಯಿ ಮತ್ತು ಅಪ್ಪನ ಆಧಾರ್, ಅಜ್ಜನ ದಾನದ ಕಾರ್ಡು, ಫೋಟೋ. ಅಲ್ಲೇ ಒಂದು ಒಪ್ಪಿಗೆ ಪತ್ರಕ್ಕೆ ವಾರಸುದಾರರ ಸಹಿ, ಇಬ್ಬರ ಸಾಕ್ಷಿ. ಎಲ್ಲಕ್ಕೂ ಝೆರಾಕ್ಸ್ ಬೇಕು. ಕಾಲೇಜಿನೊಳಗೆ ಝೆರಾಕ್ಸ್ ಅಂಗಡಿ ಆ ಹೊತ್ತಿಗೆ ಮುಚ್ಚಿತ್ತು, ಮನೆಯಿಂದಲೇ ಎರಡೆರಡು ಪ್ರತಿ ಒಯ್ಯಿರಿ. ಸಹಿ ಮಾಡುವವರು ಖುದ್ದಾಗಿ ಬರಬೇಕು. ಆಯಿಯನ್ನು ಕರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಹೋಗುವುದು ಕಚೇರಿಯ ಸಮಯದಲ್ಲೇ ಆದರೆ ಉತ್ತಮ. ರಾತ್ರಿ ಹೋದರೆ ಶವಾಗಾರದಲ್ಲಿ ಇಟ್ಟು ಮರುದಿನ ಮತ್ತೆ ಬರಬೇಕಾಗುತ್ತದೆ.

ಅಲ್ಲಿಯ ಪ್ರೊಫೆಸರ್ ಒಬ್ಬರು ನಮ್ಮನ್ನು ಕೂರಿಸಿ ಸಮಾಧಾನವಾಗಿ ವಿವರಿಸಿದರು. ರಕ್ತನಾಳದ ಮೂಲಕ ಫಾರ್ಮಲಿನ್ ಏರಿಸಿ ದೇಹ ಕೆಡದಂತೆ ಮಾಡುತ್ತಾರೆ. ಮೊದಲ ವರ್ಷದ ವಿದ್ಯಾರ್ಥಿಗಳು ಗುಂಪಾಗಿ ಒಂದು ದೇಹದ ಸುತ್ತ ನಿಂತು ತಿಂಗಳುಗಟ್ಟಲೆ ಕಲಿಯುತ್ತಾರೆ. ಶುರು ಮಾಡುವ ಮೊದಲು ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. ದೇಹ ನಮಗೆ ಮರಳಿ ಸಿಗುವುದಿಲ್ಲ. ಅದನ್ನು ಅವರು ಸ್ಪಷ್ಟವಾಗಿ ಹೇಳಿದರು, ಹೇಳಲೇಬೇಕಾದ ಮಾತು ಕೂಡ. ರಾಜ್ಯದಲ್ಲಿ ಇದಕ್ಕೆಲ್ಲ ಆಧಾರ 1957ರ ಅಂಗರಚನಾ ಶಾಸ್ತ್ರ ಕಾಯ್ದೆ. ಇನ್ನೂ ಒಂದು ಗೊಂದಲ ಬಹಳ ಜನರಿಗೆ ಇದೆ. ಕಿಡ್ನಿ, ಲಿವರ್, ಹೃದಯ ಕೊಡುವುದು ಅಂಗಾಂಗ ದಾನ. ಅದು ಆಸ್ಪತ್ರೆಯಲ್ಲಿ ಮೆದುಳು ಸತ್ತಿದೆ ಅಂತ ಘೋಷಿಸಿದ ಮೇಲಿನ ಮಾತು, ಅದಕ್ಕೆ ರಾಜ್ಯದಲ್ಲಿ 'ಜೀವಸಾರ್ಥಕತೆ' ಅನ್ನುವ ಬೇರೆ ಸಂಸ್ಥೆ ಇದೆ. ಹಾಗೆ ಅಂಗಾಂಗ ಕೊಟ್ಟ ದೇಹವನ್ನು ಸಾಮಾನ್ಯವಾಗಿ ಪಾಠಕ್ಕೆ ತೆಗೆದುಕೊಳ್ಳುವುದಿಲ್ಲ. ಕಣ್ಣು ಮಾತ್ರ ಕೊಟ್ಟಿದ್ದರೆ ಅಡ್ಡಿಯಿಲ್ಲ.

ಹೊರಡುವಾಗ ದೇಹ ಸ್ವೀಕರಿಸಿದ ಪತ್ರ ಕೊಟ್ಟರು, ಮೊಹರು ಹಾಕಿ. ಇದನ್ನು ಚಿನ್ನದ ಹಾಗೆ ಕಾಪಾಡಿ. ಯಾಕೆ ಅಂತ ಈಗ ಹೇಳುತ್ತೇನೆ.

ಮರಣ ಪ್ರಮಾಣಪತ್ರಕ್ಕೆ ಹೋದಾಗ ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಮಣ್ಣ ಎಲ್ಲಿ ಮಾಡಿದ್ರಿ?" ಮಾಡಿಲ್ಲ ಅಂದೆ. "ಸುಟ್ಟ್ರೇನು?" ಇಲ್ಲ ಅಂದೆ. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಕೈಗೆ ಇಂಥ ಪ್ರಕರಣ ಬಂದೇ ಇರಲಿಲ್ಲ. ಪಂಚರ ಸಹಿ ತನ್ನಿ, ಸ್ಮಶಾನದ ಪತ್ರ ತನ್ನಿ ಅಂತ ಓಡಾಡಿಸಿದರು. ಇಲ್ಲದ ಸ್ಮಶಾನದ ಪತ್ರ ಎಲ್ಲಿಂದ ತರುವುದು? ಕೊನೆಗೆ ಕಾಲೇಜಿನ ಸ್ವೀಕೃತಿ ಪತ್ರ, 4ಎ ಎರಡನ್ನೂ ಲಗತ್ತಿಸಿ ಲಿಖಿತ ಅರ್ಜಿ ಕೊಟ್ಟೆ, ಅರ್ಜಿ ತಿರಸ್ಕರಿಸುವುದಾದರೆ ಕಾರಣವನ್ನು ಬರೆದುಕೊಡಿ ಅಂದೆ. ಆಮೇಲೆ ಕೆಲಸ ಸರಾಗವಾಯಿತು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. 30 ದಿನ ದಾಟಿದರೆ ಮೇಲಿನವರ ಅನುಮತಿ ಬೇಕು, ವರ್ಷ ದಾಟಿದರೆ ಇನ್ನೂ ದೊಡ್ಡ ತಲೆನೋವು. ಶಿವಗಣಾರಾಧನೆ (ಸತ್ತ ಮೇಲಿನ ಕಾರ್ಯ) ಮುಗಿಯಲಿ, ನೆಂಟರು ಹೋಗಲಿ ಅಂತ ಕಾಯಬೇಡಿ. ಹೆಸರು ಆಧಾರಿನಲ್ಲಿ ಇದ್ದ ಹಾಗೇ ಬರಬೇಕು, ಒಂದು ಇನಿಷಿಯಲ್ ತಪ್ಪಿದರೂ ಮುಂದೆ ಬ್ಯಾಂಕಿನಲ್ಲಿ ನಿಲ್ಲಿಸುತ್ತಾರೆ. ಪ್ರತಿಗಳನ್ನು ಒಟ್ಟಿಗೇ ಜಾಸ್ತಿ ತೆಗೆಸಿಕೊಳ್ಳಿ.

ವಂಶವೃಕ್ಷ, ಪಹಣಿಯ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಎಲ್ಲರ ಮನೆಯಲ್ಲೂ ಆಗುವಂಥದ್ದೇ. ನಾಡಕಚೇರಿಯಲ್ಲಿ ಅರ್ಜಿ, ಆಕ್ಷೇಪಣೆಗೆ ಕಾಯುವುದು, ಮುಗಿಯಿತು. ಅಣ್ಣತಮ್ಮಂದಿರಲ್ಲಿ ಜಗಳ ಇಲ್ಲದಿದ್ದರೆ ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ನಮ್ಮನ್ನು ಹಣ್ಣು ಮಾಡಿದ್ದು ಪಿಂಚಣಿ. ಅಜ್ಜನ ಪಿಂಚಣಿ ಪುಸ್ತಕದಲ್ಲಿ, ಅಂದರೆ ಪಿಪಿಒದಲ್ಲಿ, ಹೆಂಡತಿಯ ಹೆಸರು ಮೊದಲೇ ಇದ್ದರೆ ಕುಟುಂಬ ಪಿಂಚಣಿ ಬೇಗ ಶುರುವಾಗುತ್ತದೆ. ಇತ್ತು. ಆದರೆ ಅದು ಆಯಿಯ ತವರಿನ ಹೆಸರು! ನಮ್ಮ ಕಡೆ ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ಸೊಸೆಗೆ ಹೊಸ ಹೆಸರು ಇಡುತ್ತಾರೆ. ಆಧಾರ್, ರೇಶನ್ ಕಾರ್ಡು, ಬ್ಯಾಂಕು ಎಲ್ಲ ಕಡೆ ಅದೇ ಹೊಸ ಹೆಸರು. ಅಜ್ಜ ನೌಕರಿಯ ಮೊದಲ ದಿನಗಳಲ್ಲಿ ಸೇವಾ ಪುಸ್ತಕಕ್ಕೆ ಯಾವ ಹೆಸರು ಬರೆಸಿದ್ದರೋ ಅದೇ ಪಿಪಿಒ ತನಕ ಬಂದಿತ್ತು. ಇಡೀ ಊರಿನ ಅರ್ಜಿಗಳನ್ನು ತಿದ್ದಿ ತುಂಬಿದ ಮನುಷ್ಯನ ಮನೆಯಲ್ಲೇ ಹೀಗೆ! ಆಯಿಗೆ ಇದನ್ನು ಹೇಳಿದಾಗ, "ತವರಮನಿ ಹೆಸರ ಅವರಿಗೆ ಪಾಡ ಅನಸ್ತಿತ್ತು" ಅಂದಳು. ಆ ಹೆಸರಿನಿಂದಲೇ ಕರೆಯುತ್ತಿದ್ದರಂತೆ, ಯಾರೂ ಇಲ್ಲದಾಗ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಎರಡೂ ಹೆಸರಿನ ವ್ಯಕ್ತಿ ಒಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್, ಜಂಟಿ ಫೋಟೋ, ಊರಿನ ಇಬ್ಬರ ಹೇಳಿಕೆ ಕೊಟ್ಟೆವು. ಉಪಖಜಾನೆ, ಬ್ಯಾಂಕು, ಮತ್ತೆ ಉಪಖಜಾನೆ. ಅಲ್ಲಿ ಬೆರಳಚ್ಚು ಯಂತ್ರ ಆಯಿಯ ಬೆರಳು ಓದಲಿಲ್ಲ, ರೊಟ್ಟಿ ತಟ್ಟಿ ರೇಖೆ ಸವೆದಿದ್ದವು. ಕಡೆಗೆ ಕಣ್ಣಿನ ಪಾಪೆಯ ಮೇಲೆ ಗುರುತು ಹಿಡಿಯಿತು. ತಿಂಗಳುಗಳೇ ಹಿಡಿದವು, ಆದರೆ ಬಾಕಿ ಎಲ್ಲ ಸೇರಿ ಬಂತು. ಇನ್ನೊಂದು ವಿಷಯ: ಸಾವಿನ ಸುದ್ದಿಯನ್ನು ಬ್ಯಾಂಕಿಗೆ ತಕ್ಷಣ ತಿಳಿಸಿ. ತೀರಿಕೊಂಡ ಮೇಲೂ ಪಿಂಚಣಿ ಜಮಾ ಆಗುತ್ತಾ ಹೋದರೆ ಅದನ್ನು ವಾಪಸ್ ಕಟ್ಟಬೇಕು. ಎಟಿಎಮ್ಮಿನಿಂದ ತೆಗೆದು ಖರ್ಚು ಮಾಡಿದ್ದರೆ ಫಜೀತಿ.

ಖರ್ಚಿನ ಲೆಕ್ಕ ಕೇಳುವವರಿಗೆ: ಅಂಬ್ಯುಲೆನ್ಸ್, ಫ್ರೀಜರ್ ಪೆಟ್ಟಿಗೆ ಎರಡೂ ಸೇರಿ ಏಳೆಂಟು ಸಾವಿರದ ಒಳಗೆ. ನೋಟರಿ, ಸ್ಟಾಂಪು, ಝೆರಾಕ್ಸ್, ಬಸ್ಸು ಚಿಲ್ಲರೆ. ಕಾಲೇಜಿನವರು ಹಣ ಕೇಳುವುದಿಲ್ಲ, ಕೊಡುವುದೂ ಇಲ್ಲ. ದೊಡ್ಡ ಖರ್ಚು ಶಿವಗಣಾರಾಧನೆಯ ಊಟದ್ದು. ಅದಕ್ಕೂ ಅಜ್ಜ ಬರೆದಿಟ್ಟಿದ್ದರು, ಹುಗ್ಗಿ ಮಾಡಿ, ಶಾಲೆಯ ಮಕ್ಕಳಿಗೆ ಮೊದಲು ಬಡಿಸಿ ಅಂತ. ಹಾಗೇ ಮಾಡಿದೆವು.

ಈಗ ಅಪ್ಪನೂ ಫಾರ್ಮು ತುಂಬಿದ್ದಾರೆ. ಈ ಸಲ ಕಾರ್ಡಿನ ಹಿಂದೆ ಈಗ ನಡೆಯುತ್ತಿರುವ ಮೊಬೈಲ್ ನಂಬರುಗಳನ್ನು ಬರೆದಿದ್ದೇವೆ, ಮಕ್ಕಳೆಲ್ಲರ ಹತ್ತಿರ ಫೋಟೋ ಇದೆ, ಕಾಕಾ ಸಾಕ್ಷಿ ಹಾಕಿದ್ದಾರೆ. ಅತ್ತಿ ಮಾತ್ರ ಕೇಳುವ ಮೊದಲೇ ಹೇಳಿಬಿಟ್ಟಳು: "ನನ್ನ ಕೂಡಿಸೇ ಮಣ್ಣ ಮಾಡ್ರಿ, ಈಗ ಹೇಳೀನಿ." ಅದನ್ನೂ ಬರೆದು ಸಹಿ ಮಾಡಿ ಕೊಡು ಅತ್ತಿ ಅಂದೆ. ಕೊಟ್ಟಿದ್ದಾಳೆ.